ಹಸಿರು ಸೈಕಲ್ಲಿನ ಹೆತ್ತಪ್ಪ

ರಾದ್ಧಾಂತಕ್ಕೆಲ್ಲ ಮೂಲ ಒಂದು ಜಾಮಿನ ಕೊಪ್ಪರಿಗೆ.

ಇರ್ಮಾ ಜೂನ್ ತಿಂಗಳು ಬಂತೆಂದರೆ ಚೆರ್ರಿ ಜಾಮ್ ಕಾಯಿಸುತ್ತಾಳೆ. ಅವಳಪ್ಪ ಸಂತೆಯಲ್ಲಿ ಚೆರ್ರಿ ಮಾರಿ ಸಂಸಾರ ಸಾಕಿದವನು. ಹುಡುಗಿಯಾಗಿದ್ದಾಗ ತಕ್ಕಡಿ ಹಿಡಿಯುತ್ತಿದ್ದವಳು ಅವಳೇ. ಹಾಗಾಗಿ ಜಾಮಿನ ವಿಷಯದಲ್ಲಿ ಅವಳ ಮಾತಿಗೆ ಊರಿನ ಪಾದ್ರಿ ಕೂಡ ಎದುರಾಡುವುದಿಲ್ಲ. ಕಾಯಿಸಿದ ಕೊಪ್ಪರಿಗೆಯನ್ನು ಆರಲು ನಡುಮನೆಯ ಕಿಟಕಿಯ ಕೆಳಗೆ ಇಡುವುದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ಈ ಸಲ ಕೊತಕೊತ ಕುದಿಯುವ ಕೊಪ್ಪರಿಗೆ ಹೊತ್ತು ತಂದು ನೋಡುತ್ತಾಳೆ, ಆ ಜಾಗದಲ್ಲಿ ಹಸಿರು ಬಣ್ಣದ ಸೈಕಲ್ಲೊಂದು ಗೋಡೆಗೊರಗಿಕೊಂಡು ನಿಂತಿದೆ. ಪಕ್ಕದಲ್ಲೇ ತನ್ನ ಆರಾಮಕುರ್ಚಿಯಲ್ಲಿ ಗಂಡ ಕುಳಿತು ಅದನ್ನು ಹೊಸ ಸೊಸೆಯನ್ನು ನೋಡುವಂತೆ ನೋಡುತ್ತಿದ್ದಾನೆ.

"ಏನಿದು ಕೋಳಿಹಿಕ್ಕೆ ವಾಸನೆ?" ಎಂದಳು ಇರ್ಮಾ.

ಗಂಡನ ಹೆಸರು ಎರ್ಮೆನೆಜಿಲ್ದೊ. ಹೆಸರು ಉದ್ದ, ಆಳು ಗಿಡ್ಡ. ಎರಡನ್ನೂ ಸರಿದೂಗಿಸಲೆಂದು ಊರು ಅವನನ್ನು ಜಿಲ್ದೊ ಎಂದು ಕರೆಯುತ್ತಿತ್ತು. ಜೀವಮಾನವಿಡೀ ರೈಲ್ವೇ ಗೇಟು ಕಾದವನು. ಗೇಟು ಹಾಕಿದಾಗ ಆಚೆ ಕಾಯುತ್ತ ನಿಂತ ಸೈಕಲ್ಲುಗಳನ್ನು ನೋಡೀ ನೋಡೀ ಅವನಿಗೆ ಸೈಕಲ್ಲಿನ ಹುಚ್ಚು ಹಿಡಿದಿತ್ತು. ಹಾಗೆ ನೋಡಿದರೆ ಇಟಲಿಯ ಬ್ರೆಂಟಾ ನದಿಯ ಈ ದಂಡೆಯ ಊರಿನಲ್ಲಿ ಐವತ್ತು ದಾಟಿದ ಯಾವ ಗಂಡಸಿಗೂ ಆ ಹುಚ್ಚು ಬಿಟ್ಟಿರಲಿಲ್ಲ. ಕೈಯಲ್ಲಿ ಮಾಡಿದ ಹಳೇ ಉಕ್ಕಿನ ಚೌಕಟ್ಟು ಸಿಕ್ಕರೆ ಸಾಕು, ಅದನ್ನು ತಲೆಕೆಳಗೆ ಮಾಡಿ, ಮೂಸಿ, ಸವರಿ, ಇದು ಯಾರ ಕೈಕೆಲಸ ಎಂದು ಹೇಳುವವರೇ ಎಲ್ಲರೂ. ಹೇಳಿದ್ದನ್ನು ಒಪ್ಪುವವರು ಮಾತ್ರ ಒಬ್ಬರೂ ಇಲ್ಲ.

"ಕೋಳಿಹಿಕ್ಕೆ ತೊಳೆದ್ರೆ ಹೋಗತ್ತೆ ಕಣೇ. ಗುಡ್ಡದ ಮೇಲಿನ ಹಳೇ ತೋಟದಮನೇಲಿ ಕೋಳಿ ಕೂರೋಕೆ ಇಟ್ಟಿದ್ರು. ಒಂದು ಬುಡ್ಡಿ ವೈನ್ ಕೊಟ್ಟು ತಂದೆ. ದೊಡ್ಡ ಕಾರಿಗರ ಮಾಡಿರೋದು ಇದು."

"ಯಾರು ಆ ದೊಡ್ಡೋನು?"

ಜಿಲ್ದೊ ಚೌಕಟ್ಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಅದೇ ತೊಡಕು. ಯಾರೋ ಪುಣ್ಯಾತ್ಮ ಅದಕ್ಕೆ ತೋಟದ ಗೇಟಿನ ಹಸಿರು ಬಣ್ಣ ಬಳಿದಿದ್ದ. ಹೆಸರೂ ಇಲ್ಲ, ಗುರುತೂ ಇಲ್ಲ.

ಇರ್ಮಾ ಕೊಪ್ಪರಿಗೆಯನ್ನು ನೆಲಕ್ಕಿಟ್ಟು ಸೆರಗಿಲ್ಲದ ಸೊಂಟಕ್ಕೆ ಕೈಯಿಟ್ಟು ತೀರ್ಪು ಕೊಟ್ಟಳು: "ನೋಡು, ಸಂಜೆ ಗುಜರಿ ಬೆಪಿ ಗಾಡಿ ತರ್ತಾನೆ. ಅಷ್ಟರೊಳಗೆ ಇದನ್ನ ಮಾಡಿದೋನು ಯಾರು ಅಂತ ಗೊತ್ತಾದ್ರೆ ಇದು ಈ ಮನೇಲಿರ್ಲಿ. ನಾನು ತುಟಿಪಿಟಕ್ ಅನ್ನಲ್ಲ. ಗೊತ್ತಾಗ್ಲಿಲ್ವೋ, ಅಪ್ಪ ಇಲ್ಲದ ಸೈಕಲ್ಲಿಗೆ ನನ್ನ ಮನೇಲಿ ಜಾಗ ಇಲ್ಲ."

"ಮಾತು ಅಂದ್ರೆ ಮಾತು?"

"ಮಾತು ಅಂದ್ರೆ ಮಾತು. ಈಗ ಆ ಖಾಲಿ ಜಾಡಿ ಇಳಿಸ್ಕೊಡು."

ಜಾಡಿಗಳು ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದವು. ಜಿಲ್ದೊ ಎಂದಿನಂತೆ ಸ್ಟೂಲು ಎಳೆದು ಹತ್ತಿದ. ಇರ್ಮಾ ಎಂದಿನಂತೆ ನಿಟ್ಟುಸಿರುಬಿಟ್ಟಳು. "ಸ್ಟೂಲಿಲ್ದೆ ಆ ಹಲಗೆ ಮುಟ್ಟೋನು ಒಬ್ಬ ಇದ್ದ" ಎಂದಳು.

ಆ ಒಬ್ಬ ಯಾರೆಂದು ಜಿಲ್ದೊ ಕೇಳುವುದನ್ನು ಬಿಟ್ಟು ಯಾವ ಕಾಲವಾಯಿತೋ. ಓರೆಸ್ತೆ ಎಂಬ ಕೊಕ್ಕರೆ ಕಾಲಿನವನು. ಇವಳನ್ನು ಕೇಳಿದ್ದನಂತೆ, ಇವಳು ಒಲ್ಲೆ ಎಂದಳಂತೆ, ಅವನು ಅರ್ಜೆಂಟೀನಾಕ್ಕೆ ಹೋದನಂತೆ. ಹೋದವನ ಮೇಲೆ ಜಿಲ್ದೊನಿಗೆ ಸಿಟ್ಟಿರಲಿಲ್ಲ. ಹಲಗೆಯ ಮೇಲಿತ್ತು.

ಅವನು ಸೈಕಲ್ಲು ನೂಕಿಕೊಂಡು ನೇರ ಕ್ಷೌರಿಕ ಸಾಂತೆಯ ಅಂಗಡಿಗೆ ಹೋದ. ಸಾಂತೆ ಯಾರದೋ ಗದ್ದಕ್ಕೆ ನೊರೆ ಹಚ್ಚಿ ಅರ್ಧ ಬೋಳಿಸಿದ್ದ. ಸೈಕಲ್ಲನ್ನು ಕಂಡದ್ದೇ ಗಿರಾಕಿಯನ್ನು ಅಲ್ಲೇ ಬಿಟ್ಟು ಬಂದು ಅದನ್ನು ತಲೆಕೆಳಗಾಗಿ ನಿಲ್ಲಿಸಿದ.

"ಲೇ ಜಿಲ್ದೊ, ಇದರ ಬಟ್ಟೆ ಬಿಚ್ಬೇಕು ಕಣೋ" ಎಂದವನೇ ಅದೇ ಕ್ಷೌರದ ಕತ್ತಿಯಿಂದ ಹಸಿರು ಬಣ್ಣ ಕೆರೆಯತೊಡಗಿದ.

"ಸಾಂತೆ, ಕತ್ತಿ ಮೊಂಡಾಗತ್ತಪ್ಪ!" ಎಂದು ಕುರ್ಚಿಯಿಂದ ಗಿರಾಕಿ ಕೂಗಿದ. "ಇನ್ನರ್ಧ ಗದ್ದ ನಂದೇ!"

"ಸುಮ್ನಿರಪ್ಪ, ನಿನ್ನ ಗಡ್ಡ ನಾಳೇನೂ ಬೆಳೆಯತ್ತೆ. ಇಂಥದು ನಾಳೆ ಸಿಗಲ್ಲ."

ಕೊಳವೆಗಳು ಕೂಡುವ ಜಾಗಕ್ಕೆ ತೊಡಿಸುವ ಉಕ್ಕಿನ ಕವಚಕ್ಕೆ ಲಗ್ಗು ಎನ್ನುತ್ತಾರೆ. ಕೈಕೆಲಸದವರು ಅದನ್ನು ಅರದಿಂದ ಉಜ್ಜಿ ತಮ್ಮ ತಮ್ಮ ರೀತಿಯಲ್ಲಿ ಚೂಪು ಮಾಡುತ್ತಾರೆ, ಕೆಲವರು ಕಿಂಡಿ ಕೊರೆಯುತ್ತಾರೆ. ಸೀಟಿನ ಕೆಳಗಿನ ಲಗ್ಗಿನ ಬಣ್ಣ ಕಿತ್ತಾಗ ಪುಟ್ಟ ಕೊರೆತವೊಂದು ಕಾಣಿಸಿತು. ಎರಡು ದುಂಡು ತೂತು. ಎರಡನ್ನೂ ಮೇಲೆ ಕೂಡಿಸುವ ಬಾಗಿದ ಸಣ್ಣ ಗೀರು. ಜಿಲ್ದೊ ಮೂಗು ತಾಗುವಷ್ಟು ಬಗ್ಗಿ ನೋಡಿದ. ಗುರುತು ಇದೆ!

"ಕನ್ನಡಕ!" ಎಂದು ಸಾಂತೆ ತೊಡೆ ತಟ್ಟಿದ. "ಪಾದುವಾದಲ್ಲಿ ಒಬ್ಬ ಸೋಡಾಬುಡ್ಡಿ ಕನ್ನಡಕದ ಕಾರಿಗರ ಇದ್ದ. ಅವನದೇ. ಬೇಕಾದ್ರೆ ನನ್ನ ಕಿವಿ ಕೊಯ್ಕೋ."

ಎದುರಿನ ಔಷಧಿ ಅಂಗಡಿಯಿಂದ ಫಾವರೊ ಬಂದ. ಬಿಳಿ ಕೋಟು ಹಾಕುತ್ತಿದ್ದದ್ದರಿಂದ ಊರು ಅವನನ್ನು ಡಾಕ್ಟರೇ ಎನ್ನುತ್ತಿತ್ತು. ಅವನೂ ಬೇಡ ಎನ್ನುತ್ತಿರಲಿಲ್ಲ. ಅವನು ಜೇಬಿನಿಂದ ಭೂತಗನ್ನಡಿ ತೆಗೆದು ಗುರುತನ್ನು ನೋಡಿದ. ಚಮಚೆಯಿಂದ ಕೊಳವೆಗೆ ಟಣ್ ಎಂದು ಬಡಿದು, ರೋಗಿಯ ಎದೆಗೆ ಕಿವಿಯಿಡುವಂತೆ ಕಿವಿಯಿಟ್ಟ.

"ಕನ್ನಡಕ ಅಲ್ಲ ಸಾಂತೆ, ಕತ್ತರಿ. ಮೊದಲು ದರ್ಜಿಯಾಗಿದ್ದು ಆಮೇಲೆ ಸೈಕಲ್ ಕಟ್ಟಿದೋನೊಬ್ಬ ಮಿಲಾನಿನಲ್ಲಿದ್ದ. ಧ್ವನೀನೂ ಮಿಲಾನಿಂದೇ."

"ಕಬ್ಬಿಣ ಮಿಲಾನ್ ಭಾಷೆ ಮಾತಾಡತ್ತಾ ಡಾಕ್ಟರೇ?"

"ನಿನ್ನ ಕತ್ತಿಗಿಂತ ಸ್ಪಷ್ಟವಾಗಿ ಮಾತಾಡತ್ತೆ."

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಒಬ್ಬ ಮುಂದಿನ ಚಕ್ರ ಹಿಡಿದರೆ ಇನ್ನೊಬ್ಬ ಹಿಂದಿನದನ್ನು ಹಿಡಿದ. ಬಣ್ಣ ಕೆರೆದು ಕೆರೆದು ಸೈಕಲ್ಲು ಗಜಕರ್ಣ ಹಿಡಿದ ಹಸುವಿನಂತಾಯಿತು. ಅರ್ಧ ಗಡ್ಡದ ಗಿರಾಕಿ ಕೊನೆಗೆ ತಾನೇ ಎದ್ದು ಬಂದು, ನೊರೆ ಒರೆಸಿಕೊಳ್ಳುತ್ತ, "ನದಿಯಾಚೆ ಬೊರ್ತೊಲೊ ಮುದುಕ ಇನ್ನೂ ಇದಾನಲ್ಲ. ಜೀವಮಾನ ಪೂರ್ತಿ ಸೈಕಲ್ ಕಟ್ಟಿದೋನು. ಅವನನ್ನ ಕೇಳಿ, ನನ್ನ ಬಿಡಿ" ಎಂದ.

ಹೊರಟರು. ಜಿಲ್ದೊ ಸೈಕಲ್ಲು ಹತ್ತಿದ. ಹತ್ತಿದ ಎನ್ನುವುದು ಗೌರವದ ಮಾತು; ಸಾಂತೆ ಎತ್ತಿ ಕೂರಿಸಿದ. ಸೀಟನ್ನು ಪೂರಾ ಇಳಿಸಿದರೂ ಪೆಡಲು ಕೆಳಗೆ ಹೋದಾಗ ಜಿಲ್ದೊನ ಪಾದ ಗಾಳಿಯಲ್ಲಿ ತಡಕಾಡುತ್ತಿತ್ತು.

"ಹೇಳಿ ಮಾಡಿಸಿದ ಹಾಗಿದೆ ನನಗೆ!" ಎಂದು ಅವನು ಎಡಕ್ಕೂ ಬಲಕ್ಕೂ ಹೊರಳುತ್ತ ಕೂಗಿದ.

"ಹೇಳಿ ಮಾಡಿಸಿದ್ದೇ. ಹೇಳಿದೋನು ಬೇರೆ" ಎಂದ ಸಾಂತೆ.

ಹಳೇ ಮರದ ಸೇತುವೆ ದಾಟಿದ ಮೇಲೆ ಇಳಿಜಾರು. ಬ್ರೇಕು ಕೋಳಿಗಳ ಕಾಲದಲ್ಲೇ ಸತ್ತಿತ್ತು. ನೆಲಕ್ಕೆ ಕಾಲು ಕೊಡೋಣವೆಂದರೆ ಕಾಲು ನೆಲದವರೆಗೆ ಬಂದರೆ ತಾನೆ? ಜಿಲ್ದೊ ದೇವಮಾತೆ ಮಡೊನ್ನಾಳನ್ನು ಕೂಗಿಕೊಂಡು ಗದ್ದೆಗೆ ನೀರು ಹರಿಸುವ ಕಾಲುವೆಗೆ ಇಳಿದ. ಸೈಕಲ್ಲಿಗೆ ಗಾಯವಾಗಲಿಲ್ಲ. ಜಿಲ್ದೊ ಭಾನುವಾರ ಚರ್ಚಿಗೆ ಹಾಕುವ ಪ್ಯಾಂಟು ಮಾತ್ರ ಮೊಣಕಾಲಿನಿಂದ ಬಾಯಿಬಿಟ್ಟಿತು.

ಬೊರ್ತೊಲೊ ಮನೆಯ ಮುಂದೆ ಹಿಪ್ಪುನೇರಳೆ ಮರದ ನೆರಳಿನಲ್ಲಿ ಕುಳಿತಿದ್ದ. ಕಣ್ಣು ಹೆಚ್ಚೂಕಡಿಮೆ ಹೋಗಿತ್ತು. ಬೆರಳುಗಳು ಮಾತ್ರ ಹಳೇ ಬೇರಿನಂತೆ ಗಟ್ಟಿ. ಡಾಕ್ಟರು ಭೂತಗನ್ನಡಿ ಕೊಡಹೋದರೆ ಮುದುಕ ಅದನ್ನು ದೂಡಿ, ಲಗ್ಗಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ. ಒಮ್ಮೆ ಸವರಿದವನು ಇನ್ನೊಮ್ಮೆ ಸವರಿದ. ಅವನ ಮುಖ ಅರಳಿತು.

"ನಂದು" ಎಂದ.

ಜಿಲ್ದೊ ಒದ್ದೆ ಪ್ಯಾಂಟಿನಲ್ಲೇ ಕುಣಿದುಬಿಟ್ಟ. ಗೆದ್ದೆ! ನಡುಮನೆಯ ಕಿಟಕಿ, ಕಿಟಕಿಯ ಕೆಳಗೆ ಸೈಕಲ್ಲು, ಪಕ್ಕದಲ್ಲಿ ಆರಾಮಕುರ್ಚಿ. ಇನ್ನೇನು ಬೇಕು ಮನುಷ್ಯನಿಗೆ!

"ಹೆಂಗೆ ಹೇಳ್ತೀಯಾ ಅಜ್ಜ? ಹೆಸರೇ ಇಲ್ಲವಲ್ಲ" ಎಂದ ಸಾಂತೆ, ಸೋಡಾಬುಡ್ಡಿ ಕಾರಿಗರನನ್ನು ಬಿಟ್ಟುಕೊಡಲಾರದೆ.

"ಹೆಸರು ಕೆತ್ತೋದು ಗೋರಿ ಮೇಲಪ್ಪ. ಅಂಚನ್ನ ಇಷ್ಟು ತೆಳ್ಳಗೆ ಉಜ್ಜೋ ಸೈರಣೆ ಈ ದಂಡೇಲಿ ಇನ್ಯಾರಿಗಿತ್ತು?"

"ಮತ್ತೆ ಈ ಗುರುತು? ಕತ್ತರಿ ತಾನೇ?" ಎಂದ ಡಾಕ್ಟರು.

"ಕತ್ತರೀನೂ ಅಲ್ಲ, ಸುಡುಗಾಡೂ ಅಲ್ಲ. ನಾನು ಗುರುತೇ ಹಾಕ್ತಿರ್ಲಿಲ್ಲ. ಇದೊಂದು ಗಿರಾಕಿ ಕಾಟ ಕೊಟ್ಟು ಹಾಕಿಸಿದ್ದು." ಮುದುಕ ಕೊಳವೆಗಳ ಉದ್ದವನ್ನು ಗೇಣಿನಲ್ಲಿ ಅಳೆದ. "ಹೂಂ, ಅವನದೇ. ನಾನು ಆಳಿನ ಮೈ ಅಳೆದೇ ಕಟ್ತಿದ್ದೆ. ಇಷ್ಟುದ್ದ ಕಾಲಿನೋನು ಒಬ್ಬನೇ ಬಂದಿದ್ದು. ಓರೆಸ್ತೆ. ಸಂತೇಲಿ ಚೆರ್ರಿ ಮಾರೋ ಹುಡುಗಿ ಮೇಲೆ ಪ್ರಾಣ ಇಟ್ಕೊಂಡಿದ್ದ ಪಾಪ. ಜೋಡಿ ಚೆರ್ರಿ ಕೊರೀಲೇಬೇಕು ಅಂತ ಹಟ. ಕೊರ್ದುಕೊಟ್ಟೆ. ಅವಳು ಒಲ್ಲೆ ಅಂದ್ಳು. ಸೈಕಲ್ಲನ್ನ ಗುಡ್ಡದ ಮೇಲೆ ಅಕ್ಕನ ಮನೇಲಿ ಬಿಟ್ಟು ಹಡಗು ಹತ್ತಿದ. ಅವಳು ಆಮೇಲೆ ಯಾರೋ ರೈಲ್ವೇ ಗೇಟಿನೋನನ್ನ ಕಟ್ಕೊಂಡಳಂತೆ. ಯಾಕೋ ಏನೋ."

ಡಾಕ್ಟರು ಭೂತಗನ್ನಡಿಯನ್ನು ಒರೆಸಿದ. ಸಾಂತೆ ಮರದ ಮೇಲಿನ ಹಕ್ಕಿ ನೋಡಿದ. ಜಿಲ್ದೊ ಲಗ್ಗನ್ನು ನೋಡಿದ. ಈಗ ಅದು ಚೆರ್ರಿಯಲ್ಲದೆ ಬೇರೇನೂ ಆಗಿ ಕಾಣಲಿಲ್ಲ. ಎರಡು ಹಣ್ಣು, ಒಂದು ತೊಟ್ಟು. ಅವನು ಅದರ ಮೇಲೆ ಅಂಗೈ ಮುಚ್ಚಿದ.

"ಇರ್ಮಾಗೆ ಗೊತ್ತಾಗಬಾರದು" ಎಂದ ದಾರಿಯಲ್ಲಿ. ಇಬ್ಬರೂ ತಾಯಾಣೆ ಇಟ್ಟರು. ಡಾಕ್ಟರ ಆಣೆ ಪರವಾಗಿಲ್ಲ. ಸಾಂತೆಯ ಬಾಯಿ ಮುಚ್ಚಲೆಂದು ಸೇತುವೆಯ ಹತ್ತಿರ ಅವನಿಗೆ ಗ್ರಾಪ್ಪಾ ಸಾರಾಯಿ ಕುಡಿಸಬೇಕಾಯಿತು.

ಬೆಪಿಯ ಗಾಡಿ ಆಗಲೇ ಬಾಗಿಲಲ್ಲಿ ನಿಂತಿತ್ತು. ಗುಜರಿಯವನನ್ನು ಕಂಡು ಅಷ್ಟು ಸಂತೋಷಪಟ್ಟ ಮನುಷ್ಯ ಆ ಬೀದಿಯಲ್ಲಿ ಹಿಂದೆ ಇರಲಿಲ್ಲ.

"ಎತ್ಕೋ ಬೆಪಿ, ಬೇಗ ಎತ್ಕೋ!"

ಇರ್ಮಾ ಜಾಮಿನ ಸೌಟು ಹಿಡಿದು ಹೊರಗೆ ಬಂದಳು. "ಏನಾಯ್ತು? ಅಪ್ಪ ಸಿಕ್ಕಲಿಲ್ವಾ?"

"ಇಲ್ಲ ಕಣೇ. ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ನೀನು ಹೇಳಿದ್ದೇ ಸರಿ. ಕೋಳಿಹಿಕ್ಕೆ ವಾಸನೆ ಬೇರೆ."

ನೀನು ಹೇಳಿದ್ದೇ ಸರಿ ಎಂಬ ಮಾತು ಆ ಮನೆಯಲ್ಲಿ ಅಷ್ಟು ಸಲೀಸಾಗಿ ಹುಟ್ಟಿದ್ದು ಅದೇ ಮೊದಲು. ಇರ್ಮಾಗೆ ಅನುಮಾನ ಬಂತು. ಗಂಡನ ಹರಿದ ಪ್ಯಾಂಟು ನೋಡಿದಳು, ಸಾಂತೆಯ ಕೆಂಪು ಮೂಗು ನೋಡಿದಳು, ಕೆರೆದ ಸೈಕಲ್ಲು ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ಸೀಟಿನ ಕೆಳಗೆ ನಿಂತಿತು. ಬೆಳಗ್ಗೆ ಬಣ್ಣದಡಿ ಯಾರ ಕಣ್ಣಿಗೂ ಬೀಳದೆ ಇದ್ದದ್ದನ್ನು ಜಿಲ್ದೊ ತಾನೇ ಮುಂದೆ ನಿಂತು ಕೆರೆಸಿ ಫಳಫಳ ಹೊಳೆಯುವಂತೆ ಮಾಡಿಸಿದ್ದ.

ಅವಳು ಸೌಟನ್ನು ಬೆಪಿಯ ಕೈಗೆ ಕೊಟ್ಟು, ಜಾಮು ಮೆತ್ತಿದ ಬೆರಳಿನಿಂದ ಆ ಎರಡು ತೂತುಗಳನ್ನು ಮುಟ್ಟಿದಳು.

"ಬೊರ್ತೊಲೊ ಹತ್ರ ಸೈಕಲ್ ಕಟ್ಟಿಸ್ತಿದೀನಿ, ಅದರ ಮೇಲೆ ನಿನ್ನ ಚೆರ್ರಿ ಕೊರೆಸ್ತೀನಿ ಅಂತ ಹೇಳಿದ್ದ" ಎಂದಳು ಮೆಲ್ಲಗೆ. "ಬುರುಡೆ ಬಿಡ್ತಾನೆ ಅಂದ್ಕೊಂಡೆ. ಇಂಥ ಬುರುಡೆ ದಾಸನನ್ನ ಕಟ್ಕೊಂಡು ಹೆಂಗೆ ಬಾಳೋದು ಅಂತಾನೇ ಒಲ್ಲೆ ಅಂದಿದ್ದು." ಅವಳ ಕಣ್ಣು ತುಂಬಿ ಬಂತು. ಅದನ್ನು ಮರೆಮಾಡುವ ಗೋಜಿಗೂ ಹೋಗಲಿಲ್ಲ. "ಸುಳ್ಳು ಹೇಳಿರಲಿಲ್ಲ ನೋಡು ಆ ಪ್ರಾಣಿ."

"ಹಳೇ ಕಬ್ಬಿಣ ಕಣೇ..." ಎಂದ ಜಿಲ್ದೊ.

"ಮಾಡಿದೋನು ಯಾರು ಅಂತ ಗೊತ್ತಾದ್ರೆ ಮನೇಲಿರ್ಲಿ ಅಂದಿದ್ದೆ. ಬೊರ್ತೊಲೊ ಮಾಡಿದ್ದು, ಗೊತ್ತಾಯ್ತು. ಮಾತು ಅಂದ್ರೆ ಮಾತು. ಬೆಪಿ, ಸೈಕಲ್ಲನ್ನ ಒಳಗೆ ತಾ. ನಿಧಾನ, ಉಜ್ಜಬೇಡ!"

"ಕೊಪ್ಪರಿಗೆ ಎಲ್ಲಿಡ್ತೀಯಾ?" ಎಂದು ಜಿಲ್ದೊ ಕೊನೆಯ ಅಸ್ತ್ರ ಪ್ರಯೋಗಿಸಿದ.

ಇರ್ಮಾ ನಡುಮನೆಯನ್ನು ಒಂದು ಸುತ್ತು ನೋಡಿದಳು. ಅವಳ ನೋಟ ಆರಾಮಕುರ್ಚಿಯ ಮೇಲೆ ಕುಳಿತಿತು.

ಗಾಡಿ ಗಡಗಡ ಎನ್ನುತ್ತ ಬೀದಿ ದಾಟಿದಾಗ ಅದರ ಮೇಲೆ ಆರಾಮಕುರ್ಚಿ ಕಾಲು ಮೇಲೆ ಮಾಡಿಕೊಂಡು ಹೋಗುತ್ತಿತ್ತು. ಸಾಂತೆ ಅಂಗಡಿಯ ಬಾಗಿಲಲ್ಲಿ ಟೋಪಿ ತೆಗೆದು ನಿಂತ, ಶವಯಾತ್ರೆಗೆ ನಿಲ್ಲುವ ಹಾಗೆ.

ಕಿಟಕಿಯ ಕೆಳಗೆ ಸೈಕಲ್ಲು ಒಂದು ಕಡೆ ವಾಲುತ್ತಿತ್ತು. ಇರ್ಮಾ ಅಡುಗೆಮನೆಯ ಸ್ಟೂಲು ತಂದು ಅದಕ್ಕೆ ಆಸರೆ ಕೊಟ್ಟಳು. ಒಗೆದ ಬಟ್ಟೆಯಿಂದ ಲಗ್ಗು ಒರೆಸಿದಳು. ಆಮೇಲೆ ಜಾಮು ತುಂಬಿದ ಜಾಡಿಯೊಂದನ್ನು ತಂದು ಗಂಡನ ಕೈಗಿಟ್ಟಳು.

"ಮೇಲಿನ ಹಲಗೆ ಮೇಲಿಡು."

"ಸ್ಟೂಲು?"

"ಸ್ಟೂಲು ಅಲ್ಲಿಂದ ಕದಲಲ್ಲ" ಎಂದಳು ಇರ್ಮಾ, ಸೈಕಲ್ಲಿನಿಂದ ಕಣ್ಣು ತೆಗೆಯದೆ. "ಸ್ವಲ್ಪ ಚಾಚಿ ನೋಡು."

ಜಿಲ್ದೊ ಜಾಡಿ ಹಿಡಿದು, ಹರಿದ ಪ್ಯಾಂಟಿನಲ್ಲಿ, ತುದಿಗಾಲ ಮೇಲೆ ನಿಂತ.