ಗುಲಾಬಿ ಅಂಗಿಯ ದೂರು

ಆ ಭಾನುವಾರ ಬೆಳಗಿನ ಪೂಜೆಗೆ ಫಾದರ್ ವಲೇರಿಯನ್ ಗುಲಾಬಿ ಬಣ್ಣದ ಅಂಗಿ ತೊಟ್ಟು ಬಂದದ್ದೇ ಇಷ್ಟಕ್ಕೆಲ್ಲ ಕಾರಣ.

ಪಾಂಡವಪುರದ ಆಚೆಯ ಅಂತೋಣಿ ಕೊಪ್ಪಲಿನ ಪುಟ್ಟ ಚರ್ಚಿನಲ್ಲಿ ಅವರು ಪೀಠದ ಮುಂದೆ ಬಂದು ನಿಂತಾಗ ಬಾಂಬೆ ಮಿಠಾಯಿಯ ಗಾಜಿನ ಪೆಟ್ಟಿಗೆಗೇ ಕೈಕಾಲು ಬಂದಂತಿತ್ತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ಆಗಮನ ಕಾಲ. ಆಗಮನ ಕಾಲವೆಂದರೆ ನೇರಳೆ ಅಂಗಿ. ಕೊಪ್ಪಲಿನವರು ಬುದ್ಧಿ ಬಂದಾಗಿನಿಂದ ಕಂಡದ್ದು ಅದನ್ನೇ. ಆ ವಾರಗಳಲ್ಲಿ ಪೀಠಕ್ಕೆ ಹೂವಿನ ಅಬ್ಬರವಿಲ್ಲ, ವಾಲಗವಿಲ್ಲ, ಮದುವೆಯಂತೂ ಇಲ್ಲವೇ ಇಲ್ಲ.

ಹೆಂಗಸರ ಸಾಲಿನಿಂದ ಲೂರ್ದಮ್ಮ ತಿರುಗಿ ನೋಡಿದಳು. ಫಾದರನ್ನಲ್ಲ, ಗಂಡಸರ ಸಾಲಿನಲ್ಲಿದ್ದ ಇನ್ನಾಸಪ್ಪನನ್ನು. ಇನ್ನಾಸಪ್ಪ ಥಟ್ಟನೆ ಕಣ್ಣು ಮುಚ್ಚಿ ಭಕ್ತಿಯಲ್ಲಿ ಮುಳುಗಿದ.

ಲೂರ್ದಮ್ಮನ ನೋಟಕ್ಕೆ ಅವನು ಹೆದರಲು ಕಾರಣವಿತ್ತು. ಬರುವ ಬುಧವಾರ ಅವನ ಮಗಳು ಸಲೋಮಿಗೂ ಲೂರ್ದಮ್ಮನ ಮಗ ತೋಮಾಸನಿಗೂ ಮದುವೆ. ಹುಡುಗ ಮಿಲಿಟರಿಯಲ್ಲಿದ್ದ. ರಜ ಇದ್ದದ್ದು ಶನಿವಾರದವರೆಗೆ ಮಾತ್ರ. ಹಿಂದಿನ ಮುದಿ ಸ್ವಾಮಿಗಳಾಗಿದ್ದರೆ ಆಗಮನ ಕಾಲದಲ್ಲಿ ಮದುವೆ ಎಂಬ ಮಾತು ಕೇಳಿಯೇ ಬೆತ್ತ ಹುಡುಕುತ್ತಿದ್ದರು. ಮಂಗಳೂರು ಕಡೆಯಿಂದ ಬಂದ ವಲೇರಿಯನ್ ಮಾತ್ರ, "ಅದಕ್ಕೇನು ಮಾರಾಯ್ರೆ, ಹುಡುಗ ದೇಶ ಕಾಯುವವ. ಬುಧವಾರ ಮಾಡಿ ಮುಗಿಸುವ" ಎಂದು ನಕ್ಕುಬಿಟ್ಟಿದ್ದರು.

ಫಾದರ್ ನಿಯಮ ಮೀರುತ್ತಾರೆಂದು ಲೂರ್ದಮ್ಮ ಬೆರಳು ಮಡಿಸಿ ಎಣಿಸುವ ತಪ್ಪುಗಳಲ್ಲಿ ಇದೊಂದು ಬರುತ್ತಿರಲಿಲ್ಲ.

ಪೂಜೆ ಮುಗಿದದ್ದೇ ತಡ, ಚರ್ಚಿನ ಮುಂದಿನ ಹೊಂಗೆ ಮರದಡಿ ಅವಳು ಇನ್ನಾಸಪ್ಪನನ್ನು ಅಡ್ಡಗಟ್ಟಿದಳು.

"ಕಂಡ್ರಾ ಬೀಗ್ರೇ?"

"ಕಂಡೆ."

"ಕಂಡ್ಬುಟ್ಟು ಸುಮ್ಕಿದ್ರಾ? ಆರತಿ ಎತ್ತುದ್ರು, ಉಗುಳು ನುಂಗ್ಕಂಡ್ ಸುಮ್ಕಾದೊ. ಶಾಲು ಒದ್ಕಂಡು ಚಾಪೆ ಮ್ಯಾಲೆ ಕುಂತು ಪೂಜೆ ಮಾಡುದ್ರು, ಪಾಪ ಮಂಡಿನೋವು ಅಂದ್ಕಂಡೊ. ಈಗ ಗುಲಾಬಿ ಅಂಗಿ! ನಾಳೀಕೆ ಅಸ್ರು ಲುಂಗಿ ಉಟ್ಕಂಡ್ ಬಂದ್ರೆ?"

"ನನ್ ವಿಸ್ಯಾನೂ ಸೇರುಸ್ರವ್ವ," ಎಂದು ಟ್ರಾಕ್ಟರ್ ಚೌರಪ್ಪ ಮೂಗು ತೂರಿಸಿದ. "ಮೆಟ್ಟು ಆಚೆ ಬುಟ್ಟು ಬನ್ನಿ ಅಂದ್ರು. ಬುಟ್ಟೆ. ಒಸಾ ಜೋಡು, ಯಾವನೋ ಮೆಟ್ಕಂಡ್ ವೋದ."

"ಬಿಷಪ್ಪರು ಇವತ್ತು ಬೆಳ್ಳೂರ್ ಕ್ರಾಸ್ ತಾವ ಪೂಜೆಗೆ ಬತ್ತಾವ್ರಂತೆ," ಎಂದಳು ಲೂರ್ದಮ್ಮ. "ಚೌರಪ್ಪ ಟ್ರಾಕ್ಟರ್ ಕಟ್ತಾನೆ. ಎಲ್ರೂ ಓಗಾನ. ನೀವೇ ಮಾತಾಡ್ಬೇಕು ಬೀಗ್ರೇ."

"ನಾನಾ? ನಂಗೆ ಬೆಳಗಿಂದ ಒಟ್ಟೆ ಸರಿಯಿಲ್ಲ ಕಣ್ರವ್ವ."

ಲೂರ್ದಮ್ಮ ಮನೆಗೆ ಹೋಗಿ, ಏನೇನು ಬೇರು ಕುದಿಸಿದ್ದಳೋ, ಒಂದು ಬಾಟಲಿ ಕಷಾಯ ತಂದು ಲೋಟದ ತುಂಬ ಸುರಿದು ಮುಂದೆ ಹಿಡಿದಳು. ಅದು ಇಳಿದ ಮೇಲೆ ಅಲ್ಲಿಯವರೆಗೆ ಸುಳ್ಳಾಗಿದ್ದ ಹೊಟ್ಟೆನೋವು ನಿಜವಾಯಿತು. ಬಾಟಲಿಯಲ್ಲಿ ಉಳಿದದ್ದನ್ನು ಅವಳು ದಾರಿಗಿರಲೆಂದು ಚೀಲಕ್ಕೆ ಹಾಕಿಕೊಂಡಳು.

ಮನೆಯಲ್ಲಿ ಹೆಂಡತಿ ಜಪಮಾಲಮ್ಮ ಹಣೆ ಚಚ್ಚಿಕೊಂಡಳು. "ಸ್ವಾಮೇರ ಮ್ಯಾಲೆ ಚಾಡಿ ಏಳ್ಬುಟ್ಟು ಬುಧವಾರ ಅವರ್ ಮುಂದೆ ಎಂಗೆ ನಿಂತ್ಕತೀರಿ? ಮದ್ವೆ ಮಾಡಾಕಿಲ್ಲ ಅಂದ್ಬುಟ್ರೆ?"

"ಓಗ್ನಿಲ್ಲ ಅಂದ್ರೆ ಬೀಗ್ತಿ ಮದ್ವೆ ಮಾಡ್ಕಳಕಿಲ್ಲ ಅಂತಾಳೆ. ನೀನು ಸುಮ್ಕಿರು," ಎಂದ ಇನ್ನಾಸಪ್ಪ, ಅಂಗಿಯ ಗುಂಡಿ ಹಾಕುತ್ತ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸ ಅವನದು. "ದಿನಾ ತೂಗೋನು ನಾನು. ಮಾತೂ ತೂಗೇ ಆಡ್ತೀನಿ. ಬರೀ ಬಣ್ಣದ್ ವಿಸ್ಯ ಎತ್ತಿ ಅಲ್ಲಿಗೇ ನಿಲ್ಲುಸ್ತೀನಿ. ಬೀಗ್ತಿಗೂ ಸಮಾಧಾನ, ಸ್ವಾಮೇರ್ಗೂ ನೋವಿಲ್ಲ."

ಟ್ರೇಲರಿನಲ್ಲಿ ಕಬ್ಬಿನ ಒಣ ಸೋಗೆ ಹಾಸಿಕೊಂಡು ಹದಿನೈದು ಜನ ಹೊರಟರು. ರಸ್ತೆಯ ಪ್ರತಿ ಗುಂಡಿಗೂ ಇನ್ನಾಸಪ್ಪನ ಹೊಟ್ಟೆಯ ಕಷಾಯ ಅಲ್ಲಿಂದಲೇ ಉತ್ತರ ಕೊಡುತ್ತಿತ್ತು. ಲೂರ್ದಮ್ಮ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಳು: ಮೊದಲು ಅಂಗಿ, ಆಮೇಲೆ ಆರತಿ, ಆಮೇಲೆ ಶಾಲು.

ನಾಗಮಂಗಲ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಬಿಳಿ ನಿಲುವಂಗಿಯೊಂದು ಕೈ ಬೀಸುತ್ತ ನಿಂತಿತ್ತು. ಪಕ್ಕದಲ್ಲಿ ಗಾಳಿ ಹೋದ ಬೈಕು. ಹದಿನೈದು ತಲೆಗಳೂ ಒಟ್ಟಿಗೆ ಟ್ರೇಲರಿನೊಳಗೆ ಕುಸಿದವು. ಚೌರಪ್ಪನಿಗೆ ಮಾತ್ರ ಅಷ್ಟು ಬೇಗ ಹೊಳೆಯಲಿಲ್ಲ. ಅವನು ಬ್ರೇಕು ಒತ್ತಿದ.

"ಓಹೋ! ದೇವರೇ ಕಳಿಸಿದ ಹಾಗೆ ಬಂದ್ರಲ್ಲ ಮಾರಾಯ್ರೆ!" ಎಂದರು ಫಾದರ್ ವಲೇರಿಯನ್. "ಎಲ್ಲ ಒಟ್ಟಿಗೆ ಹೊರಟದ್ದು ಎಲ್ಲಿಗೆ?"

ಎಲ್ಲರೂ ಇನ್ನಾಸಪ್ಪನ ಮುಖ ನೋಡಿದರು.

"ಬಿಷಪ್ಪರ... ಆಶೀರ್ವಾದಕ್ಕೆ ಸ್ವಾಮೇರೇ."

"ಎಂಥ ಭಕ್ತಿ! ನಾನೂ ಅಲ್ಲಿಗೇ."

ಬೈಕನ್ನು ಟ್ರೇಲರಿಗೆ ಎತ್ತಿದರು. ಅದರ ಮುಂದಿನ ಚಕ್ರ ಇನ್ನಾಸಪ್ಪನ ಎಡಗಾಲಿನ ಮೇಲೆ ಬಂದು ಕೂತಿತು. ಸರಿಸಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಯಾರ ಮೇಲೆ ದೂರು ಹೇಳಲು ಹೊರಟಿದ್ದಾನೋ ಅವರ ಬೈಕು ತಾನೇ, ಇಷ್ಟಾದರೂ ಹೊರೋಣ ಎನ್ನಿಸಿತು.

ಫಾದರ್ ಕಂಕುಳಲ್ಲಿದ್ದ ಬಟ್ಟೆಯ ಗಂಟೊಂದನ್ನು ಲೂರ್ದಮ್ಮನ ಮಡಿಲಿಗಿಟ್ಟರು. "ಅಮ್ಮಾ, ಇದು ಬಿಷಪರು ತರಲಿಕ್ಕೆ ಹೇಳಿದ್ದು. ಧೂಳು ತಾಗಬಾರದು. ನಿಮ್ಮಷ್ಟು ಜೋಪಾನದವರು ಇಲ್ಲಿ ಬೇರೆ ಯಾರಿದ್ದಾರೆ?"

ಬಿಷಪ್ಪರ ಸಾಮಾನು ಎಂದದ್ದೇ ಲೂರ್ದಮ್ಮನ ಬೆನ್ನು ನೆಟ್ಟಗಾಯಿತು. ಗಂಟನ್ನು ಸೆರಗಿನೊಳಗೆ ಸುತ್ತಿ, ಆಗಷ್ಟೇ ಹುಟ್ಟಿದ ಮೊಮ್ಮಗುವೋ ಎಂಬಂತೆ ಎದೆಗವಚಿಕೊಂಡಳು. ಪಕ್ಕದವಳು ಮುಟ್ಟಿ ನೋಡಲು ಬಂದರೆ ಕೈಗೆ ಹೊಡೆದಳು. ಅಲ್ಲಿಂದ ಮುಂದೆ ಫಾದರ್ ಭಜನೆ ಹೇಳಿಕೊಟ್ಟರು, ದೂರುದಾರರೆಲ್ಲ ತಾಳ ಹಾಕಿ ಹಾಡಿದರು. ಬೇರೆ ದಾರಿಯಿರಲಿಲ್ಲ.

"ಇನ್ನಾಸಪ್ಪನವರೇ, ಬುಧವಾರ ಮದುವೆಯಲ್ಲಿ ಹೇಳುವ ಪ್ರಸಂಗ ಸಿದ್ಧ ಮಾಡಿದ್ದೇನೆ," ಎಂದರು ಫಾದರ್ ನಡುವೆ. "ಕೇಳಿದವರು ಕಣ್ಣೊರೆಸಬೇಕು, ಹಾಗೆ ಉಂಟು."

ಇನ್ನಾಸಪ್ಪ ಆಗಲೇ ಕಣ್ಣೊರೆಸಿಕೊಂಡ. ಚಕ್ರ ಕಾಲನ್ನು ಅಮುಕುತ್ತಿತ್ತು.

ಬೆಳ್ಳೂರು ಕ್ರಾಸಿನ ಹತ್ತಿರದ ಆ ಚರ್ಚು ತಲುಪಿದಾಗ ಗಂಟೆ ಹೊಡೆಯುತ್ತಿತ್ತು. ಫಾದರ್ ಗಂಟು ಇಸಿದುಕೊಂಡು ಒಳಕೋಣೆಗೆ ಓಡಿದರು. ಕೊಪ್ಪಲಿನವರು ಮುಂದಿನ ಸಾಲು ಹಿಡಿದರು. ಇನ್ನಾಸಪ್ಪ ಮನಸ್ಸಿನಲ್ಲೇ ಮಾತನ್ನು ಕೊನೆಯ ಸಲ ತೂಗಿದ.

ಪರದೆ ಸರಿಯಿತು. ಬಿಷಪ್ಪರು ಬಂದರು. ಗುಲಾಬಿ ಅಂಗಿಯಲ್ಲಿ.

"ಲೇ ಇನ್ನಾಸ," ಎಂದು ಚೌರಪ್ಪ ಪಿಸುಗುಟ್ಟಿದ, "ಬಿಷಪ್ಪರ್ಗೂ ಅಂಟ್ಕಬುಡ್ತಲ್ಲಾ!"

ಲೂರ್ದಮ್ಮ ತನ್ನ ಖಾಲಿ ಮಡಿಲನ್ನೇ ನೋಡುತ್ತ ಕೂತಿದ್ದಳು.

ಪ್ರಸಂಗದಲ್ಲಿ ಬಿಷಪ್ಪರೇ ಬಿಡಿಸಿ ಹೇಳಿದರು. ಆಗಮನ ಕಾಲದ ಮೂರನೆಯ ಭಾನುವಾರ ಆನಂದದ ಭಾನುವಾರ. ಹಬ್ಬ ಹತ್ತಿರವಾಯಿತೆಂಬ ಸಂತೋಷಕ್ಕೆ ಈ ಒಂದು ದಿನ ನೇರಳೆಯ ಬದಲು ಗುಲಾಬಿ. ಅದು ತಲೆತಲಾಂತರದ ನಿಯಮ. ಹಳ್ಳಿಯ ಚರ್ಚುಗಳಲ್ಲಿ ಆ ಅಂಗಿಯೇ ಇಲ್ಲದ್ದರಿಂದ ಜನ ಕಂಡಿರಲಿಲ್ಲ, ಅಷ್ಟೇ. "ನನ್ನ ಹತ್ತಿರವೂ ಇರಲಿಲ್ಲ. ನಮ್ಮ ಫಾದರ್ ವಲೇರಿಯನ್ ಹೊಲಿಸಿದ್ದನ್ನೇ ಇವತ್ತು ತರಿಸಿಕೊಂಡೆ."

ಪೂಜೆ ಮುಗಿದ ಕೂಡಲೇ ಕೊಪ್ಪಲಿನವರು ಮೆಲ್ಲಗೆ ಟ್ರಾಕ್ಟರಿನ ಕಡೆಗೆ ಜಾರಿದರು. ಆದರೆ ಫಾದರ್ ಬಿಡಬೇಕಲ್ಲ! ಬಿಷಪ್ಪರನ್ನು ಅಂಗಳದವರೆಗೆ ಕರೆತಂದೇಬಿಟ್ಟರು.

ಬಿಷಪ್ಪರು ಟ್ರೇಲರನ್ನೂ ಮುಖಗಳನ್ನೂ ನೋಡಿ ಮುಗುಳ್ನಕ್ಕರು. "ಇಷ್ಟು ದೂರ ಟ್ರಾಕ್ಟರಿನಲ್ಲಿ ಬರೀ ಆಶೀರ್ವಾದಕ್ಕೆ ಯಾರೂ ಬರುವುದಿಲ್ಲ. ಏನು ದೂರು, ಹೇಳಿ."

ಲೂರ್ದಮ್ಮನ ಮೊಣಕೈ ಇನ್ನಾಸಪ್ಪನ ಪಕ್ಕೆಗೆ ಇಳಿಯಿತು.

"ದೂರಲ್ಲ ಬಿಷಪ್ ಸ್ವಾಮೇರೇ, ಅನುಮಾನ ಅಷ್ಟೇಯ. ಈ ಆರತಿ..."

"ಅದಕ್ಕೆ ರೋಮಿನ ಒಪ್ಪಿಗೆ ಬಂದು ಎಷ್ಟೋ ವರ್ಷವಾಯಿತು."

"ಶಾಲು?"

"ಅದಕ್ಕೂ."

"ಚಾಪೆ ಮ್ಯಾಲೆ ಕುಂತ್ಕಂಡು..."

"ಅದಕ್ಕೂ."

"ಮೆಟ್ಟು, ಬುದ್ಧಿ?" ಎಂದ ಚೌರಪ್ಪ ಹಿಂದಿನಿಂದ.

"ಬಿಡಿಸುವುದಕ್ಕೆ ಒಪ್ಪಿಗೆ ಇದೆ. ಕದಿಯುವುದಕ್ಕೆ ಇಲ್ಲ." ಬಿಷಪ್ಪರು ಫಾದರರ ಹೆಗಲು ತಟ್ಟಿದರು. "ನಿಮ್ಮ ಸ್ವಾಮಿಗಳು ನಿಯಮವನ್ನು ಕೂದಲೆಳೆಯಷ್ಟೂ ಮೀರಿಲ್ಲ. ನಿಶ್ಚಿಂತೆಯಿಂದ ಹೋಗಿ."

ಇನ್ನಾಸಪ್ಪನಿಗೆ ಎದೆಯ ಮೇಲಿಂದ ಒಂದು ಲೋಡು ಕಬ್ಬು ಇಳಿಸಿದಂತಾಯಿತು. ಬೀಗಿತಿಯ ಮಾತು ನಡೆಸಿದ್ದಾಯಿತು. ಫಾದರಿಗೆ ಹೊಗಳಿಕೆಯೇ ಸಿಕ್ಕಿತು. ಮದುವೆ ಭದ್ರ. ಆ ಹಿಗ್ಗಿನಲ್ಲಿ ಅವನ ಬಾಯಿಂದ ಮಾತೊಂದು ತೂಗದೆ ಉದುರಿತು.

"ಬುಧವಾರ ನನ್ ಮಗಳ ಮದ್ವೆ ಬಿಷಪ್ ಸ್ವಾಮೇರೇ. ತಾವೂ ದಯಮಾಡುಸ್ಬೇಕು!"

ಫಾದರ್ ವಲೇರಿಯನ್ನರಿಗೆ ಜೋರು ಕೆಮ್ಮು ಬಂತು.

"ಯಾವ ಬುಧವಾರ?" ಎಂದರು ಬಿಷಪ್ಪರು.

"ಇದೇ ಬುಧ..."

"ಆಗಮನ ಕಾಲದಲ್ಲಿ? ನನ್ನ ಅಪ್ಪಣೆ ಇಲ್ಲದೆ?"

"ಕೇಳಬೇಕು ಅಂತಲೇ ಇದ್ದೆ..." ಎಂದು ಫಾದರ್ ಆಕಾಶ ನೋಡಿದರು.

ಲೂರ್ದಮ್ಮ ಮುಂದೆ ನುಗ್ಗಿದಳು. "ಅಯ್ಯೋ ಬುದ್ಧಿ, ಅದೊಂದ್ ಸಣ್ಣ ವಿಸ್ಯ, ಬುಟ್ಬುಡಿ! ನನ್ ಮಗನೇ ಗಂಡು."

"ಹೇಗೆ ಬಿಡಲಿ ತಾಯಿ? ನಿಯಮ ಮುರಿಯಬಾರದು ಅಂತ ನೀವೇ ಇಷ್ಟು ದೂರ ಬಂದಿದ್ದೀರಿ. ನಾಳೆ ನಾನೇ ಮುರಿದರೆ ನೀವು ರೋಮಿಗೆ ಹೋಗಬೇಕು. ಅಲ್ಲಿಗೆ ಟ್ರಾಕ್ಟರು ಹೋಗುವುದಿಲ್ಲ. ಹಬ್ಬ ಕಳೆದ ಮೇಲೆ ಇಟ್ಟುಕೊಳ್ಳಿ."

"ಅವ್ನು ಮಿಲ್ಟ್ರಿಯೋನು, ರಜ ಇರಾದು ಶನಿವಾರದ್ ಗಂಟ ಬುದ್ಧಿ."

"ಮುಂದಿನ ರಜ?"

"ಮಾರ್ಚಿ ತಿಂಗ್ಳು."

ಆ ಸಲ ಮಾರ್ಚಿಗೆ ಮಾರ್ಚೇ ಈಸ್ಟರಿಗೆ ಮುಂಚಿನ ತಪಸ್ಸು ಕಾಲ, ಮದುವೆಗೆ ಆಗಲೂ ತಡೆ ಎಂಬುದು ಚೌರಪ್ಪನಿಗೂ ಗೊತ್ತಿತ್ತು. "ಆಗ್ಲೂ ನೇರಳೆಯ," ಎಂದ ಅವನು.

"ಅದರಲ್ಲೂ ಒಂದು ಭಾನುವಾರ ಗುಲಾಬಿ ಉಂಟು ಮಾರಾಯ್ರೆ," ಎಂದು ಫಾದರ್ ಸಮಾಧಾನ ಹೇಳಿದರು.

ವಾಪಸು ಬರುವಾಗ ಭಜನೆ ಇರಲಿಲ್ಲ. ಪಂಕ್ಚರ್ ಅಂಗಡಿ ಮುಚ್ಚಿದ್ದರಿಂದ ಬೈಕು ಇತ್ತು, ಅದರ ಚಕ್ರ ಈಗ ಬಲಗಾಲಿನ ಮೇಲಿತ್ತು. ನಾಗಮಂಗಲದವರೆಗೆ ಮುಖ ತಿರುಗಿಸಿ ಕೂತಿದ್ದ ಲೂರ್ದಮ್ಮ ಕೊನೆಗೂ ಇತ್ತ ತಿರುಗಿದಳು.

"ಇನ್ನಾಸಪ್ನೋರೇ."

ಬೀಗರೇ ಎಂಬುದು ಹೋಗಿತ್ತು. ಇನ್ನಾಸಪ್ಪ ಚಕ್ರಕ್ಕಿಂತ ಅದರ ಭಾರಕ್ಕೆ ಕುಗ್ಗಿದ.

"ಏನ್ರವ್ವ?"

"ಈ ಬಿಷಪ್ಪರ ಮ್ಯಾಲೂ ಯಾರಾರ ದೊಡ್ಡೋರು ಇದ್ದೇ ಇರ್ತಾರೆ. ನಾಳೀಕೆ ಬೆಂಗ್ಳೂರ್ಗೆ ಓಗಾನ. ನೀವೇ ಮಾತಾಡ್ಬೇಕು."

ಇನ್ನಾಸಪ್ಪ ಈ ಸಲ ಪ್ರತಿ ಅಕ್ಷರವನ್ನೂ ತೂಗಿ ನೋಡಿದ.

"ನಂಗೆ ಒಟ್ಟೆ ಸರಿಯಿಲ್ಲ ಕಣ್ರವ್ವ," ಎಂದ.

ಲೂರ್ದಮ್ಮ ಚೀಲಕ್ಕೆ ಕೈ ಹಾಕಿ ಕಷಾಯದ ಬಾಟಲಿ ತೆಗೆದಳು.