ಚಿಕ್ಕಪ್ಪ ನನ್ನನ್ನು ಅರ್ಧ ನಂಬುತ್ತಾರೆ

ಬೂದಿಗೆರೆಯ ನಮ್ಮ ಚಿಕ್ಕಪ್ಪನ ಮನೆಗೆ ಕಳ್ಳ ಬಂದರೆ ಸಲೀಸಾಗಿ ಒಳಗೆ ಹೋಗಬಹುದು. ಬಾಗಿಲಿಗೆ ಬೀಗವಿಲ್ಲ, ಚಿಲಕಕ್ಕೊಂದು ಗೋಣಿದಾರ ಕಟ್ಟಿದೆ ಅಷ್ಟೆ. ಆದರೆ ಅವರು ‘ಊಟ ಆಯ್ತಾ’ ಎಂದು ಕಳಿಸಿದ ಇಮೇಲ್ ಓದುವುದು ಆ ಕಳ್ಳನ ಅಪ್ಪನಿಂದಲೂ ಸಾಧ್ಯವಿಲ್ಲ!

ಇಮೇಲನ್ನೂ ಫೈಲನ್ನೂ ಗುರುತು ಸಿಗದಂತೆ ಕಲಸಿಡುವ ಸಾಫ್ಟ್‌ವೇರ್ ಒಂದಿದೆ. ಯಾರಿಗೆ ಕಳಿಸಿದ್ದೋ ಅವರ ಕೀಲಿಗೆ ಮಾತ್ರ ಅದು ಬಿಚ್ಚಿಕೊಳ್ಳುತ್ತದೆ. ಪುಕ್ಕಟೆ ಸಿಗುತ್ತದೆ, ಒಳಗೆ ಏನೇನಿದೆ ಎಂದು ಯಾರು ಬೇಕಾದರೂ ನೋಡಬಹುದು. ಬೀಗ ಮಾಡುವುದನ್ನು ಊರಿಗೆಲ್ಲ ತೋರಿಸಿದರೆ ಅದೆಂಥ ಬೀಗ ಎಂದು ಚಿಕ್ಕಮ್ಮ ಕೇಳಿದರು. ತೋರಿಸಲು ಹೆದರುವ ಬೀಗವನ್ನೇ ನಂಬಬಾರದು ಎಂದರು ಚಿಕ್ಕಪ್ಪ.

ಈ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ನಿವೃತ್ತರಾಗುವ ತನಕ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. “ಮಧ್ಯದಲ್ಲಿ ಕೂತೋನು ಕೇಳಿಸ್ಕೊಳ್ದೆ ಇರ್ತಾನಾ? ನಾನೇ ಕೇಳಿಸ್ಕೊಂಡಿದ್ದೀನಿ ಕಣೋ,” ಎಂದು ಒಮ್ಮೆ ನನ್ನೆದುರು ಒಪ್ಪಿಕೊಂಡರು. ಹೊಸಕೋಟೆ ಕಡೆಯ ಯಾವ್ಯಾವ ಸಂಬಂಧ ಯಾಕೆ ಮುರಿಯಿತು ಎಂಬುದೆಲ್ಲ ಅವರ ಹೊಟ್ಟೆಯಲ್ಲಿದೆ, ಬಾಯಿಗೆ ಮಾತ್ರ ಬಂದಿಲ್ಲ.

ನೆಂಟರ ಮನೆಮನೆಗೂ ಹೋಗಿ ಎಲ್ಲರಿಗೂ ತಾವೇ ಕೀಲಿ ಮಾಡಿಕೊಟ್ಟರು. ಆಮೇಲೆ ಮೊಮ್ಮಗಳ ನಾಮಕರಣಕ್ಕೆ ಬೀಗ ಹಾಕಿದ ಆಹ್ವಾನ ಕಳಿಸಿದರು. ನೆಂಟರೆಲ್ಲ ಕೀಲಿಯ ಪಾಸ್‌ವರ್ಡ್ ಮರೆತಿದ್ದರು! ಬಂದವರು ಅಕ್ಕಪಕ್ಕದವರು ಮಾತ್ರ, ಏಕೆಂದರೆ ಅವರನ್ನು ಚಿಕ್ಕಮ್ಮ ಬಾಯಲ್ಲಿ ಕರೆದಿದ್ದರು. ಮಿಕ್ಕ ಹೋಳಿಗೆಯನ್ನು ಮನೆಯವರೆಲ್ಲ ಬೇಜಾರು ಬರುವಷ್ಟು ತಿಂದೆವು.

ನನ್ನ ಸಂಕಟ ಬೇರೆ. ಈ ಸಾಫ್ಟ್‌ವೇರಿನಲ್ಲಿ ಯಾರನ್ನು ಎಷ್ಟು ನಂಬುತ್ತೀರಿ ಎಂದು ಗುರುತು ಹಾಕಬಹುದು. ಚಿಕ್ಕಮ್ಮನಿಗೆ ಪೂರ್ತಿ. ಅವರ ಮಡಿಲಲ್ಲೇ ಬೆಳೆದ ಅಣ್ಣನ ಮಗ ನನಗೆ? ಅರ್ಧ! ಯಾರ ಕೀಲಿ ಕೊಟ್ಟರೂ ನೋಡದೆ ಅದು ಅವರದೇ ಎಂದು ಸಹಿ ಹಾಕುತ್ತೇನೆ ಎಂಬುದು ನನ್ನ ಮೇಲಿನ ಆರೋಪ. ಪೂರ್ತಿ ಮಾಡಿಸಿಕೊಳ್ಳಲೇಬೇಕೆಂದು ನಾನೂ ಹಟ ಹಿಡಿದೆ.

ದೊಡ್ಡಬಳ್ಳಾಪುರದ ಒಂದು ಮದುವೆಯಲ್ಲಿ ಪರೀಕ್ಷೆ ನಡೆಯಿತು. ನನ್ನ ಅಪ್ಪನ ಕೀಲಿ ಅಪ್ಪನದೇ ಎಂದು ನಾನು ಖಾತ್ರಿ ಮಾಡಬೇಕು. ಮೊದಲು ಆಧಾರ್ ಕಾರ್ಡ್ ನೋಡಬೇಕಂತೆ. “ಇವನ ಅಪ್ಪ ನಾನೇ ಅಂತ ಇವನಿಗೇ ಕಾರ್ಡ್ ತೋರಿಸ್ಬೇಕೇನಪ್ಪಾ?” ಎಂದು ಅಪ್ಪ ಚಿಕ್ಕಪ್ಪನನ್ನು ಕೇಳಿದರು. ಆದರೂ ತೋರಿಸಿದರು. ಅಪ್ಪ ತಮ್ಮ ಕೀಲಿಯ ಉದ್ದನೆಯ ಸಂಖ್ಯೆಯನ್ನು ಓದುತ್ತಾ ಹೋದರು, ನಾನು ಫೋನಿನಲ್ಲಿ ತಾಳೆ ನೋಡುತ್ತಾ ಹೋದೆ. ಅಷ್ಟರಲ್ಲಿ ಎಲೆ ಹಾಕಿದರು. ಕೊನೆಯ ಸಾಲು ನೋಡದೆ ಸರಿ ಎಂದುಬಿಟ್ಟೆ. ಚಿಕ್ಕಪ್ಪ ನೋಡಿಬಿಟ್ಟರು. ಅರ್ಧ ಅರ್ಧವಾಗಿಯೇ ಉಳಿಯಿತು.

ಮೊನ್ನೆ ಅವರಿಗೆ ಹೃದಯದ ಆಪರೇಷನ್ ಆಯಿತು. ಆಸ್ಪತ್ರೆಗೆ ಹೊರಡುವಾಗ ನನ್ನ ಕೈಯಲ್ಲೊಂದು ಪೆನ್‌ಡ್ರೈವ್ ಇಟ್ಟರು. ಅದರಲ್ಲಿದ್ದದ್ದು ಅವರ ಕೀಲಿಯನ್ನು ಶಾಶ್ವತವಾಗಿ ರದ್ದು ಮಾಡುವ ಫೈಲು. ಯಾರ ಕೈಗೆ ಸಿಕ್ಕರೂ ಕೀಲಿ ಕೆಟ್ಟಂತೆ, ಅದಕ್ಕೇ ಅದನ್ನು ಯಾರೂ ಯಾರಿಗೂ ಕೊಡುವುದಿಲ್ಲ.

“ನಾನು ವಾಪಸ್ ಬರ್ದಿದ್ರೆ ಇದನ್ನ ಇಂಟರ್ನೆಟ್ಟಿಗೆ ಹಾಕ್ಬಿಡಪ್ಪ. ಇಲ್ದಿದ್ರೆ ಜನ ನಂಗೆ ಬರೀತಾನೇ ಇರ್ತಾರೆ. ಪಾಪ, ಉತ್ತರಕ್ಕೆ ಕಾಯ್ತಾರೆ.”

ಅರ್ಧ ನಂಬಿದವನಿಗೆ ಯಾಕೆ ಕೊಡುತ್ತೀರಿ ಎಂದು ಕೇಳಬೇಕೆಂದಿದ್ದೆ, ಪೆನ್‌ಡ್ರೈವನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡೆ.

ಚಿಕ್ಕಪ್ಪ ಗುಣವಾಗಿ ಮನೆಗೆ ಬಂದರು. ಪೆನ್‌ಡ್ರೈವ್ ವಾಪಸ್ ಕೊಡಲು ಹೋದರೆ ಕೈ ಚಾಚಲೇ ಇಲ್ಲ. “ನಿನ್ನ ಹತ್ರಾನೇ ಇರ್ಲಿ,” ಎಂದು ಮಗ್ಗುಲಾದರು. ಜೋಪಾನವಾಗಿ ಇಟ್ಟಿದ್ದೇನೆ ಚಿಕ್ಕಪ್ಪ. ಅದನ್ನು ಹಾಕುವ ಕೆಲಸ ಮಾತ್ರ ನನಗೆ ಬೇಗ ಕೊಡಬೇಡಿ.