ಒಂದು ನಿದ್ದೆಗೆ ಬೇಕಾದ ಸಾಮಾನು

ನಮ್ಮ ಭಾವ ಕೆರೆಯ ನಡುವೆ ಒಂದು ರಾತ್ರಿ ಮಲಗಿ ಬರಲು ಪೆಡೆಸ್ಟಲ್ ಫ್ಯಾನ್ ಒಯ್ದವರು. ಅಲ್ಲಿ ಕರೆಂಟಿರಲಿಲ್ಲ. ಕಂಬವೂ ಇರಲಿಲ್ಲ. ಇದ್ದದ್ದು ಒಂದಿಷ್ಟು ಜಾಲಿ ಗಿಡ, ಅದರ ಮೇಲೆ ಒಂದಿಷ್ಟು ಕೊಕ್ಕರೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ನನ್ನ ನೆನಪನ್ನು ನಾನೇ ಅರ್ಧ ನಂಬುವುದು. ಆದರೆ ಫ್ಯಾನಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ, ಏಕೆಂದರೆ ಅದು ಮನೆಯಿಂದ ಕೆರೆಯ ದಡದವರೆಗೂ ನನ್ನ ತೊಡೆಯ ಮೇಲೇ ಇತ್ತು!

ಭಾವನಿಗೆ ಕೊಡಿಗೇನಹಳ್ಳಿಯಲ್ಲಿ ಶಾಮಿಯಾನದ ಅಂಗಡಿ. ಮದುವೆ, ನಾಮಕರಣ, ತಿಥಿ, ಭಾಷಣ, ಏನೇ ನಡೆಯಲಿ, ಕುರ್ಚಿ ಪಾತ್ರೆ ಜಮಖಾನ ಅವರದೇ. ಮನುಷ್ಯನ ಕಷ್ಟದಲ್ಲಿ ಮುಕ್ಕಾಲು ಪಾಲು ಕುರ್ಚಿ ಸಾಲದೆ ಬರುವಂಥದ್ದು, ಉಳಿದದ್ದು ನೆರಳು ಸಾಲದೆ ಬರುವಂಥದ್ದು ಎಂದು ಅವರು ಮನಸಾರೆ ನಂಬಿದ್ದಾರೆ. ಒಮ್ಮೆ ಮಧುಗಿರಿ ಬೆಟ್ಟ ಹತ್ತುವಾಗ ಅಕ್ಕನಿಗೆ ಸುಸ್ತಾದರೆ ಇರಲಿ ಎಂದು ಹೆಗಲ ಮೇಲೆ ಮಡಚುವ ಕುರ್ಚಿ ಹೊತ್ತು ಹೊರಟರು. ಅಕ್ಕ ಇನ್ನೂ ಕೆಳಗಿರುವಾಗಲೇ ಕೋಟೆಯ ಮೇಲಿನ ಬಾಗಿಲ ಹತ್ತಿರ ಕುರ್ಚಿ ಬಿಚ್ಚಿಟ್ಟು ಕಾದರು. ಯಾರೋ ದಪ್ಪನೆಯ ಯಜಮಾನರು ಬಂದು ಅದರಲ್ಲಿ ಕೂತೇಬಿಟ್ಟರು. ಏದುಸಿರು ಬಿಡುತ್ತ ಬಂದ ಅಕ್ಕ ನೆಲದ ಮೇಲೆ ಕೂತಳು. ಎಬ್ಬಿಸಬಾರದೇ ಎಂದು ನಾನು ಪಿಸುಗುಟ್ಟಿದರೆ ಭಾವ ಗಂಭೀರವಾಗಿ ಹೇಳಿದರು: "ಕುಂತಿರೋರ್ನ ಎಬ್ಸೋದು ನಮ್ ಕಸುಬಲ್ಲ ಕಣಮ್ಮ."

ಇಂಥವರು ಕೆರೆಗೆ ಯಾಕೆ ಹೋದರು? ಅಕ್ಕನ ನಿದ್ದೆಗಾಗಿ.

ನಮ್ಮಮ್ಮ ಕೊನೆಯ ಎರಡು ವರ್ಷ ಅಕ್ಕನ ಮನೆಯಲ್ಲೇ ಹಾಸಿಗೆ ಹಿಡಿದಿದ್ದಳು. ರಾತ್ರಿ ಅಮ್ಮ ಸಣ್ಣಗೆ ಕೆಮ್ಮಿದರೂ ಅಕ್ಕ ಎದ್ದು ಕೂರುತ್ತಿದ್ದಳು. ಅಮ್ಮ ಹೋದಳು, ಅಕ್ಕ ಏಳುವುದು ನಿಲ್ಲಲಿಲ್ಲ. ಇಲಿ ಓಡಿದರೆ ಎದ್ದಳು, ಹಿಂದೂಪುರದ ಲಾರಿ ಹೋದರೆ ಎದ್ದಳು, ಏನೂ ಸದ್ದಿಲ್ಲದಿದ್ದರೆ ಯಾಕೆ ಸದ್ದಿಲ್ಲ ಎಂದು ಎದ್ದಳು. ಡಾಕ್ಟರ ಮಾತ್ರೆ ಅವಳ ಕಿವಿಯ ಮುಂದೆ ಸೋತಿತು. ಒಂದು ಮಧ್ಯಾಹ್ನ ಒಲೆಯ ಮುಂದೆ ತೂಕಡಿಸಿ ಸೆರಗಿಗೆ ಬೆಂಕಿ ತಾಗಿಸಿಕೊಂಡಳು. ಭಾವ ನೀರು ಸುರಿದು ಆರಿಸಿದರು. ಅಂದಿನಿಂದ ಅವರಿಗೆ ಬೇರೆ ಯೋಚನೆಯೇ ಇರಲಿಲ್ಲ.

ಆ ವರ್ಷ ಕೆರೆ ತುಂಬಿತ್ತು, ನಡುವಿನ ದಿಬ್ಬ ದ್ವೀಪವಾಗಿತ್ತು. ಕಾಡಿನಲ್ಲಿ, ಹೊಳೆ ಪಕ್ಕದಲ್ಲಿ ಗುಡಾರ ಹಾಕಿಕೊಂಡು ಮಲಗುವವರನ್ನು ಭಾವ ಮೊಬೈಲಿನಲ್ಲಿ ನೋಡಿದ್ದರು. ದಿಬ್ಬದ ಮೇಲೆ ಲಾರಿಯಿಲ್ಲ, ಇಲಿಯಿಲ್ಲ, ಅಮ್ಮ ಕೆಮ್ಮುತ್ತಿದ್ದ ಕೋಣೆಯಿಲ್ಲ. ಅಕ್ಕ ಹೂಂ ಅನ್ನಲಿಲ್ಲ. ಅಲ್ಲಿ ನೆಲ ಒರಟು ಎಂದಳು. ಭಾವ ಎರಡು ಹಾಸಿಗೆ ಕಟ್ಟಿದರು. ಕೂರಲು ಆಗುವುದಿಲ್ಲ ಎಂದಳು. ಕುರ್ಚಿ ಬಂದವು, ನಮ್ಮ ಮೂವರಿಗೆ ಹತ್ತು. ಯಾರಾದರೂ ಬಂದರೆ ಎಂಬುದು ಭಾವನ ಲೆಕ್ಕ. ಕೆರೆಯ ನಡುವೆ ಯಾರು ಬರುತ್ತಾರೆ, ನೀವೇ ಹೇಳಿ! ಸೆಕೆ ಎಂದಳು, ಫ್ಯಾನ್ ಬಂತು. ಕರೆಂಟ್ ಎಲ್ಲಿಂದ ಎಂದು ನಾನು ಕೇಳಿದೆ.

"ಗಾಳಿ ಬೀಸಿದ್ರೆ ತಾನೇ ತಿರುಗ್ತದೆ ಬುಡಮ್ಮ. ಅದು ತಿರುಗೋದ್ ಕಂಡ್ರೆ ನಿಮ್ಮಕ್ಕಂಗೆ ಒಂಥರಾ ಸಮಾಧಾನ."

ಮೀನು ಹಿಡಿಯುವವನ ದುಂಡನೆಯ ತೆಪ್ಪ ದಡದಲ್ಲಿ ಕಾದಿತ್ತು. ಅದರಲ್ಲಿ ಜನ ಕೂತರೆ ಸಾಮಾನಿಲ್ಲ, ಸಾಮಾನಿಟ್ಟರೆ ಜನರಿಲ್ಲ. ಎರಡು ಸಲ ಬರೀ ಸಾಮಾನೇ ಹೋಯಿತು. ಮೂರು ಸಲ ಎಂದು ನಾನು ಕೆಲವರಿಗೆ ಹೇಳಿದ್ದುಂಟು, ಅದು ಬಹುಶಃ ಸುಳ್ಳು. ಬೆವರು ಒರೆಸಿಕೊಳ್ಳುತ್ತ ತೆಪ್ಪದವನು ಕೇಳಿದ:

"ಸಾಮಿ, ಮದ್ವೆ ಹೆಣ್ಣು ಯಾವ ಟ್ರಿಪ್ಪಿಗೆ ಬತ್ತಾಳೆ?"

ಭಾವ ನಗಲಿಲ್ಲ. ದಡದ ಕಲ್ಲಿನ ಮೇಲೆ ಕೂತು ಆಕಳಿಸುತ್ತಿದ್ದ ಅಕ್ಕನ ಕಡೆ ಕೈ ತೋರಿಸಿದರು. "ಅಗೋ, ಅಲ್ಲವ್ಳೆ."

ರಾತ್ರಿಯ ಬಗ್ಗೆ ನಾನು ಹೆಚ್ಚು ಹೇಳಲಾರೆ. ಆ ಹಾಸಿಗೆ ಎಷ್ಟು ಚೆನ್ನಾಗಿತ್ತೆಂದರೆ ನಾನೇ ನಿದ್ದೆ ಹೊಡೆದುಬಿಟ್ಟೆ! ಅಕ್ಕ ಹೇಳಿದ್ದಿಷ್ಟು: ಮೊದಲು ಕಪ್ಪೆ, ಆಮೇಲೆ ಕೊಕ್ಕರೆ, ಇವೆರಡೂ ಸುಮ್ಮನಾದ ಮೇಲೆ ಭಾವ. ಘಳಿಗೆಗೊಮ್ಮೆ ಅವರು ಮೆಲ್ಲಗೆ, ನಿದ್ದೆ ಬಂತಾ ಎಂದು ವಿಚಾರಿಸುತ್ತಿದ್ದರಂತೆ.

"ಬತ್ತಾ ಇತ್ತು ಕಣ್ರೀ," ಎಂದಳಂತೆ ಅಕ್ಕ. "ನೀವು ಕೇಳಿದ್ರಲ್ಲ, ವಾಪಸ್ ಹೋಯ್ತು."

ಬೆಳಿಗ್ಗೆ ಭಾವ ಹತ್ತು ಕುರ್ಚಿಗಳ ಮಧ್ಯೆ ನೆಲದ ಮೇಲೆ ಕೂತಿದ್ದರು. ನಾನು ಹತ್ತಿರ ಹೋದಾಗ ತಲೆಯೆತ್ತದೆ ಅಂದರು: "ಸಾವಿರ ಜನದ ಮದ್ವೆಗೆ ಒಂದ್ ಕೊರತೆ ಬರ್ದಂಗೆ ಮಾಡೀನಿ. ಇವಳಿಗೊಂದು ನಿದ್ದೆ ಹೊಂದ್ಸಾಕಾಗ್ಲಿಲ್ಲ." ಗೇಲಿ ಮಾಡಲು ನನ್ನ ಬಳಿ ಒಳ್ಳೆಯ ಮಾತೊಂದಿತ್ತು, ನುಂಗಿಕೊಂಡೆ.

ಸಾಮಾನು ಆಮೇಲೆ ಬರಲಿ, ಮೊದಲು ಜನ ಹೋಗೋಣ ಎಂದಾಯಿತು. ಬರಿಯ ತೆಪ್ಪದಲ್ಲಿ ಹಾಸಲು ಒಂದು ಗೋಣಿಯೂ ಇರಲಿಲ್ಲ. ಅಕ್ಕ ಒದ್ದೆ ತಳದಲ್ಲೇ ಕೂತು ಅಂಚಿಗೆ ಒರಗಿದಳು. ತೆಪ್ಪದವನು ಹುಟ್ಟು ಹಾಕುತ್ತಿದ್ದ, ತೆಪ್ಪ ಹಗುರಾಗಿ ತೂಗುತ್ತ ತಿರುಗುತ್ತ ಸಾಗಿತು. ನಾನು ಏನೋ ಹೇಳುತ್ತಿದ್ದೆ, ಏನೆಂದು ಈಗ ನೆನಪಿಲ್ಲ. ತಿರುಗಿ ನೋಡಿದರೆ ಅಕ್ಕನ ಕತ್ತು ವಾಲಿತ್ತು, ಬಾಯಿ ತೆರೆದಿತ್ತು, ಒಂದು ಕೈ ನೀರಿಗೆ ಇಳಿಬಿದ್ದಿತ್ತು.

ಅಷ್ಟರಲ್ಲಿ ದಡ ಬಂದೇಬಿಟ್ಟಿತ್ತು. ಇಳಿದು ತೆಪ್ಪ ಎಳೆಯಲು ಕಾಲೆತ್ತಿದ ತೆಪ್ಪದವನ ತೋಳನ್ನು ಭಾವ ಗಟ್ಟಿಯಾಗಿ ಹಿಡಿದುಕೊಂಡರು.

"ದಡ ಮುಟ್ಟಿಸ್ಬ್ಯಾಡ ಕಣಪ್ಪ. ಇನ್ನೊಂದ್ ಸುತ್ತು ಬುಡು."

ತೆಪ್ಪ ಮತ್ತೆ ಕೆರೆಯ ಒಳಕ್ಕೆ ತಿರುಗಿತು. ಒಂದು ಸುತ್ತು ಮುಗಿಯಿತು, ಇನ್ನೊಂದಾಯಿತು. ದಡದಲ್ಲಿ ದನ ಕಾಯುವವರು ನಿಂತು ನೋಡತೊಡಗಿದರು. ನನ್ನ ಕಾಲು ಜೋಮು ಹಿಡಿದಿತ್ತು, ಅಲುಗಾಡಲು ಧೈರ್ಯವಿರಲಿಲ್ಲ. ಬಿಸಿಲು ಅಕ್ಕನ ಮುಖಕ್ಕೆ ಬಂದಾಗ ಭಾವ ಹೆಗಲ ಟವೆಲನ್ನು ಎರಡು ಕೈಯಲ್ಲಿ ಅಗಲವಾಗಿ ಹಿಡಿದರು. ತೆಪ್ಪ ತಿರುಗಿದಂತೆಲ್ಲ ಅವರೂ ಮಂಡಿಯ ಮೇಲೆ ಸರಿಯುತ್ತ ಸರಿಯುತ್ತ ನೆರಳನ್ನು ಅವಳ ಮುಖದ ಮೇಲೇ ಇಟ್ಟರು.

ಆಗ ಅಕ್ಕ ಗೊರಕೆ ಶುರುಮಾಡಿದಳು. ಸಣ್ಣ ಗೊರಕೆಯಲ್ಲ, ಕೊಕ್ಕರೆಗಳೂ ಕತ್ತೆತ್ತಿ ನೋಡುವಂಥದ್ದು. ಭಾವ ಕೈ ಇಳಿಸದೆ ನನ್ನ ಕಡೆ ತಿರುಗಿದರು, ಕಣ್ಣು ತುಂಬಿತ್ತು. ಸದ್ದಿಲ್ಲದೆ, ತುಟಿಯನ್ನಷ್ಟೇ ಆಡಿಸಿ ಕೇಳಿದರು:

"ಕೇಳ್ತಾ ಐತಾ?"